ಪುಟ 64ರ ನಂತರ

ಜುಲೈ ಕೊನೆಯ ವಾರ. ಮಳೆಗೆ ಎರಡು ದಿನ ರಜೆ ಕೊಟ್ಟು ಕಾಲೇಜುಗಳು ಮತ್ತೆ ತೆರೆದಿದ್ದವು. ಭಾಗಮಂಡಲದ ಕಡೆಯ ಒಬ್ಬರು ಮಗನನ್ನು ಕರೆದುಕೊಂಡು ಮಡಿಕೇರಿಗೆ, ನನ್ನ ಬಳಿ ಆಪ್ತಸಲಹೆಗೆ ಬಂದರು. ಹುಡುಗನಿಗೆ 17 ವರ್ಷ, ದ್ವಿತೀಯ ಪಿಯುಸಿ. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಮನೆಯವರೂ ಅವನೂ ಒಪ್ಪಿದ್ದಾರೆ.)

"ಇವನು ಪುಸ್ತಕ ಬರೆದಿದ್ದಾನೆ ಮೇಡಂ" ಅಂದರು ತಂದೆ. ಜ್ವರ ಬಂದಿದೆ ಎನ್ನುವ ಹಾಗಿತ್ತು ಆ ಧ್ವನಿ.

ಮಾರ್ಚ್‌ನಲ್ಲಿ ಹುಡುಗನ ಮೊದಲ ಕಾದಂಬರಿ ಅಚ್ಚಾಗಿತ್ತು. 112 ಪುಟ, 300 ಪ್ರತಿ. ಫೋನಿನಲ್ಲಿ ಪರಿಚಯವಾದ ಒಬ್ಬ ಪ್ರಕಾಶಕರು 'ಪ್ಯಾಕೇಜ್' ಅಂತ 42,000 ರೂಪಾಯಿ ತೆಗೆದುಕೊಂಡಿದ್ದರು. ಕರಿಮೆಣಸು ಮಾರಿದ ದುಡ್ಡು. ಊರಿನ ಸಭಾಂಗಣದಲ್ಲಿ ಬಿಡುಗಡೆ, ಹಾರ, ಶಾಲು, ಫೋಟೊ ಎಲ್ಲ ಆಯಿತು. ಜೂನ್‌ನಿಂದ ಹುಡುಗ ಕಾಲೇಜಿಗೆ ಸರಿಯಾಗಿ ಹೋಗುತ್ತಿಲ್ಲ, ಊಟ ಅರ್ಧಕ್ಕೆ ಬಿಡುತ್ತಾನೆ. ಒಂದು ರಾತ್ರಿ ಪುಸ್ತಕದ ಕಟ್ಟು ಹೊತ್ತುಕೊಂಡು ಬಚ್ಚಲ ಒಲೆಯ ಮುಂದೆ ಕೂತಿದ್ದನ್ನು ಅಮ್ಮ ನೋಡಿದ್ದಾರೆ.

ತಂದೆಯನ್ನು ಹೊರಗೆ ಕೂರಿಸಿ ಹುಡುಗನ ಜೊತೆ ಮಾತಾಡಿದೆ. ಮೊದಲು ನೇರವಾಗಿಯೇ ಕೇಳಿದೆ, "ಬದುಕೋದೇ ಬೇಡ ಅನ್ನಿಸಿದೆಯಾ?" ಇದನ್ನು ಸುತ್ತಿ ಬಳಸಿ ಕೇಳಬಾರದು. ಕೇಳಿದರೆ ಆ ಯೋಚನೆ ತಲೆಗೆ ಬರುತ್ತದೆ ಎಂಬ ಹೆದರಿಕೆ ತುಂಬ ಜನರಿಗಿದೆ, ಅದು ಹಾಗಲ್ಲ. "ಇಲ್ಲ ಮೇಡಂ, ಪುಸ್ತಕ ಸುಡಬೇಕು ಅಷ್ಟೇ" ಅಂದ.

ಮಾರಾಟವಾಗಿಲ್ಲ ಅಂತ ಬೇಜಾರಿರಬೇಕು ಎಂದುಕೊಂಡೆ. 300ರಲ್ಲಿ ದುಡ್ಡು ಕೊಟ್ಟು ಹೋದದ್ದು ಒಂಬತ್ತು. ಸುಮ್ನೆ ಹಂಚಿದ್ದು ನೂರಕ್ಕೂ ಜಾಸ್ತಿ. ಉಳಿದದ್ದು ಕಾಫಿ ಸ್ಟೋರಿನಲ್ಲಿ, ಮೂಟೆಗಳ ಪಕ್ಕ, ತೇವ ಹಿಡಿಯುತ್ತಾ ಇದೆ. ಆದರೆ ನನ್ನ ಊಹೆ ತಪ್ಪಾಗಿತ್ತು. ಅವನು ಬ್ಯಾಗಿನಿಂದ ಪುಸ್ತಕ ತೆಗೆದು 64ನೇ ಪುಟ ಬಿಡಿಸಿ ನನ್ನ ಮುಂದಿಟ್ಟ. "ಮುಂದಿನ ಪುಟ ನೋಡಿ."

ಮುಂದಿನದು ಪುಟ 49. ಅಲ್ಲಿಂದ ಮತ್ತೆ 64ರವರೆಗೆ. ಆಮೇಲೆ ನೇರವಾಗಿ 81.

ಪುಸ್ತಕ ಸಾಮಾನ್ಯವಾಗಿ ಒಂದೊಂದೇ ಹಾಳೆಯಾಗಿ ಅಚ್ಚಾಗುವುದಿಲ್ಲ. ಡೆಮಿ 1/8 ಅಳತೆಯ ಪುಸ್ತಕದಲ್ಲಿ 16 ಪುಟಕ್ಕೊಂದು ಫಾರಂ. ದೊಡ್ಡ ಹಾಳೆಯನ್ನು ಮಡಚಿ, ಫಾರಂಗಳನ್ನು ಸಾಲಾಗಿ ಜೋಡಿಸಿ ಬೈಂಡ್ ಮಾಡುತ್ತಾರೆ. ಇಲ್ಲಿ ನಾಲ್ಕನೇ ಫಾರಂ ಎರಡು ಸಲ ಕೂತಿದೆ, ಐದನೆಯದು ಬಿಟ್ಟೇ ಹೋಗಿದೆ. ಒಂದಿಷ್ಟು ಪ್ರತಿಗಳಲ್ಲಿ ಮಾತ್ರ ಹೀಗೆ. ಬಿಡುಗಡೆಯ ದಿನ ಹಂಚಿದ್ದು ಆ ಕಟ್ಟಿನಿಂದಲೇ.

"ಮಾರ್ಚ್‌ನಿಂದ ಯಾರೂ ಹೇಳಲಿಲ್ಲ ಮೇಡಂ. ಅತ್ತೆ ಎರಡು ಸಲ ಓದಿದೆ ಅಂದ್ರು. ನಮ್ಮ ಸರ್ ಸ್ಟೇಜ್ ಮೇಲೆ 'ಕೊನೆಯವರೆಗೂ ಹಿಡಿದಿಡುತ್ತದೆ' ಅಂದ್ರು." ಜೂನ್‌ನಲ್ಲಿ ಅತ್ತೆಯ ಮನೆಗೆ ಹೋದಾಗ ಸುಮ್ನೆ ತಿರುವಿ ನೋಡಿ ಅವನಿಗೆ ಗೊತ್ತಾಗಿದೆ. ಆಮೇಲೆ ಮಾವನ ಮನೆಯದ್ದು, ಕಾಲೇಜು ಲೈಬ್ರರಿಯದ್ದು ಎಲ್ಲ ಬಿಡಿಸಿ ನೋಡಿದ್ದಾನೆ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಓದದೆ ಹೊಗಳಿದ್ದನ್ನು ತಡೆದುಕೊಳ್ಳಲಾಗಲಿಲ್ಲ. ಈ ವಯಸ್ಸಿನಲ್ಲಿ ಬರೆಯುವವರು ಪುಸ್ತಕ ಕೊಡುವುದೇ, ಹೇಳಲಾಗದ್ದನ್ನು ಯಾರಾದರೂ ಓದಲಿ ಅಂತ ಅಲ್ವಾ?

ಸುಡುವ ವಿಷಯಕ್ಕೆ ನಾನು ಬೇಡ ಅನ್ನಲಿಲ್ಲ. "ಈ ಮಳೆಯಲ್ಲಿ ಒದ್ದೆ ಪುಸ್ತಕ ಉರಿಯಲ್ಲ, ಬರೀ ಹೊಗೆ. ಡಿಸೆಂಬರ್‌ವರೆಗೆ ಇಟ್ಟಿರು, ಆಗಲೂ ಬೇಕು ಅನ್ನಿಸಿದರೆ ನೋಡೋಣ" ಅಂದೆ. ಸ್ವಲ್ಪ ನಕ್ಕ. ನಿದ್ದೆ, ಊಟ, ವಾರಕ್ಕೆ ಎಷ್ಟು ದಿನ ಕಾಲೇಜು, ಇದಿಷ್ಟನ್ನು ಬರೆದಿಟ್ಟು ಮುಂದಿನ ವಾರ ತರಲು ಹೇಳಿದೆ.

ತಂದೆಗೆ ಬೇರೆ ಸಲಹೆ. ತಪ್ಪಾಗಿ ಬೈಂಡ್ ಆದ ಪ್ರತಿಗಳು ಅಚ್ಚಿನ ಕಡೆಯ ತಪ್ಪು, ಹುಡುಗನದ್ದಲ್ಲ. ಬದಲಿಸಿ ಕೊಡಿ ಎಂದು ಫೋನಿನಲ್ಲಲ್ಲ, ಬರಹದಲ್ಲಿ ಕೇಳಿ ಅಂದೆ. ಬಿಲ್ ನೋಡಿದೆ. ಐಎಸ್‌ಬಿಎನ್‌ಗೆ, ಅಂದರೆ ಪುಸ್ತಕದ ಗುರುತಿನ ಸಂಖ್ಯೆಗೆ, 3,000 ರೂಪಾಯಿ ಹಾಕಿದ್ದಾರೆ. ನಮ್ಮ ದೇಶದಲ್ಲಿ ಆ ಸಂಖ್ಯೆಯನ್ನು ಕೇಂದ್ರ ಸರ್ಕಾರದ ಸಂಸ್ಥೆ ಉಚಿತವಾಗಿ ಕೊಡುತ್ತದೆ, ಲೇಖಕರೇ ಅರ್ಜಿ ಹಾಕಬಹುದು. 'ಕಾಪಿರೈಟ್ ಶುಲ್ಕ' ಬೇರೆ! ಬರೆದ ಕ್ಷಣದಿಂದಲೇ ಕಾಪಿರೈಟ್ ಬರೆದವನದ್ದು, ನೋಂದಣಿ ಕಡ್ಡಾಯವಲ್ಲ. ಒಪ್ಪಂದಕ್ಕೆ ಸಹಿ ಹಾಕಿದ್ದು ಹುಡುಗ ಒಬ್ಬನೇ. 18 ತುಂಬದವರು ಮಾಡಿಕೊಂಡ ಒಪ್ಪಂದಕ್ಕೆ ಕಾನೂನಿನ ಬಲವಿಲ್ಲ. ಎಲ್ಲ ಹಕ್ಕು ಪ್ರಕಾಶಕರದ್ದು ಎಂಬ ಸಾಲಿಗೆ ಹೆದರಬೇಕಿಲ್ಲ, ಆದರೂ ವಕೀಲರಿಗೆ ತೋರಿಸಿ ಅಂದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಕ್ಕಳಿಗೆ ಈ ನೆರವು ಉಚಿತ.

ತಂದೆ ಹೇಳಿದರು, "ಕೊಡಗಿನ ಗೌರಮ್ಮನವರೂ ಸಣ್ಣ ವಯಸ್ಸಲ್ಲೇ ಬರೆದಿದ್ರಲ್ಲ ಮೇಡಂ, ಅದಕ್ಕೇ ನಾನೂ ತಡ ಮಾಡೋದು ಬೇಡ ಅಂದೆ." ಗೌರಮ್ಮನವರು 1939ರಲ್ಲಿ 27ನೇ ವಯಸ್ಸಿಗೆ ತೀರಿಕೊಂಡರು. ಕಥೆಗಳು ಸಂಕಲನವಾಗಿ ಬಂದದ್ದು ಅದಾದ ಮೇಲೆ. ಇದನ್ನು ತಂದೆಗೆ ಹೇಳಿದೆ, ಹುಡುಗನಿಗೆ ಹೇಳಲಿಲ್ಲ. ತೀರಿಕೊಂಡವರ ಮಾತು ಎತ್ತುವ ಹೊತ್ತಲ್ಲ ಅದು. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ, ಅದಕ್ಕೂ 18 ತುಂಬಿರಬೇಕು. ಒಂದು ವರ್ಷ ಕಾದಿದ್ದರೆ ಏನೂ ಹೋಗುತ್ತಿರಲಿಲ್ಲ.

ಮನೆಯಲ್ಲಿ ಇನ್ನು 'ಚೆನ್ನಾಗಿದೆ' ಅನ್ನಬೇಡಿ, ಎಷ್ಟನೇ ಪುಟದಲ್ಲಿದ್ದೀರಿ ಅಂತ ಹೇಳಿ ಎಂದೆ. ತಂದೆ ತಲೆ ತಗ್ಗಿಸಿ, "ನಾನು 12" ಅಂದರು.

ಎರಡನೇ ಭೇಟಿಗೆ ಅಮ್ಮ ಬಂದರು. ಮಗ ಹೊರಗಿದ್ದಾಗ ಮೆಲ್ಲಗೆ ಒಂದು ಮಾತು ಹೇಳಿದರು. ಅಜ್ಜಿ ಏಪ್ರಿಲ್‌ನಲ್ಲೇ ಓದಿದ್ದಾರೆ, "ಓದಿದ್ದೇ ಮತ್ತೆ ಬಂತಲ್ಲ, ಮುಂದಿನದ್ದು ಎಲ್ಲಿ?" ಅಂತ ಕೇಳಿದ್ದಾರೆ. ಮಗನಿಗೆ ಬೇಜಾರಾದೀತು ಅಂತ ಅಮ್ಮನೇ ಅವರ ಬಾಯಿ ಮುಚ್ಚಿಸಿದ್ದಾರೆ. "ನೀವೇ ಇವತ್ತು ಅವನಿಗೆ ಹೇಳಿ" ಅಂದೆ. ಹೇಳುವಾಗ ಅತ್ತರು. ಹುಡುಗ ಅಳಲಿಲ್ಲ. "ಅಜ್ಜಿ 64ರವರೆಗೆ ಓದಿದ್ರಾ?" ಅಂತ ಎರಡು ಸಲ ಕೇಳಿದ.

ಬಿಟ್ಟುಹೋದ 16 ಪುಟವನ್ನು ಅಜ್ಜಿಗೆ ಓದಿ ಹೇಳುವುದು ಆ ವಾರದ ಕೆಲಸ ಅಂತ ಕೊಟ್ಟೆ.

ಮೂರನೇ ಸಲ ಒಬ್ಬನೇ ಬಸ್ಸಿನಲ್ಲಿ ಬಂದ. ಪುಸ್ತಕದ ಅಂಚಿನಲ್ಲೆಲ್ಲ ಪೆನ್ಸಿಲ್ ಗುರುತು. ಕಾದಂಬರಿಯಲ್ಲಿ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳು) ಅಂಗಳದ ತುಂಬ ಕರಿಮೆಣಸು ಒಣಗುತ್ತಿತ್ತಂತೆ. ಅಜ್ಜಿ ಅಲ್ಲೇ ತಡೆದಿದ್ದಾರೆ.

"ಆಟಿ ಮಳೆಗೆ ಹಾಕಿದ ಬಟ್ಟೆ ಒಣಗಲ್ಲ, ಮೆಣಸು ಒಣಗಿಸ್ತಾನಂತೆ ನಿನ್ನ ಹೀರೋ, ಅಂತ ನಕ್ಕಿದ್ದೇ ನಕ್ಕಿದ್ದು ಮೇಡಂ. ತಿಂಗಳು ಬದಲಾಯಿಸಬೇಕು. ಬದಲಾಯಿಸಿದ್ರೆ ಆಟಿಯಲ್ಲಿ ಮಾಡೋ ಮದ್ದುಸೊಪ್ಪಿನ ಪಾಯಸದ ಭಾಗ ಹಾರಿಹೋಗುತ್ತೆ, ಅದು ನಂಗೆ ಬೇಕು" ಅಂದ. ಮುಖ ಸಪ್ಪಗಿರಲಿಲ್ಲ, ತಲೆ ಕೆಡಿಸಿಕೊಂಡಿದ್ದ.