ದುಬಾರಿ ರ‍್ಯಾಕ್ ಹಾಕಿದರೆ ಹಾಡು ಚೆನ್ನಾಗಿ ಕೇಳುತ್ತದಾ?

ಪ್ರಶ್ನೆ: ನನ್ನ ರೆಕಾರ್ಡ್ ಪ್ಲೇಯರ್, ಸಿಡಿ ಪ್ಲೇಯರ್, ಆಂಪ್ಲಿಫೈಯರ್ ಎಲ್ಲ ಹಳೇ ಮರದ ಕಪಾಟಿನಲ್ಲಿವೆ. ಒಳ್ಳೇ ಆಡಿಯೋ ರ‍್ಯಾಕ್ ಕೊಂಡರೆ ಧ್ವನಿ ಸುಧಾರಿಸುತ್ತದಾ?

ಉತ್ತರ: ರೆಕಾರ್ಡ್ ಪ್ಲೇಯರ್ ಇದೆ ಅಂದಿರಲ್ಲ, ಹಾಗಾದರೆ ಯೋಚಿಸಬೇಕಾದ್ದೇ. ಅದರ ಸೂಜಿಯ ಕೆಲಸವೇ ಕಂಪನ ಹಿಡಿಯುವುದು. ರೆಕಾರ್ಡಿನ ಮೇಲೆ ಹಾಡು ಕೊರೆದ ಗೆರೆ, ಅಂದರೆ ಗ್ರೂವ್‌ನಿಂದ ಬಂದದ್ದು ಯಾವುದು, ನೆಲದಿಂದ ಬಂದದ್ದು ಯಾವುದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಮೊದಲು ಒಂದು ಪರೀಕ್ಷೆ ಮಾಡಿ. ಮೋಟರ್ ಆಫ್ ಇರಲಿ. ಸೂಜಿಯನ್ನು ನಿಂತ ರೆಕಾರ್ಡ್ ಮೇಲೆ ಇಳಿಸಿ, ವಾಲ್ಯೂಮ್ ಸ್ವಲ್ಪ ಏರಿಸಿ, ಕಪಾಟನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಸ್ಪೀಕರಿನಲ್ಲಿ ಜೋರಾಗಿ ‘ಧಬ್’ ಅಂದರೆ ಕಪಾಟು ಬದಲಿಸಿ. ನೀವು ನಡೆದಾಡಿದಾಗಲೂ ಕೇಳಿಸಿದರೆ ನೆಲವೇ ಅಲುಗುತ್ತಿದೆ. ಆಗ ಎಷ್ಟೇ ದುಬಾರಿ ರ‍್ಯಾಕ್‌ಗಿಂತ ಗಟ್ಟಿ ಗೋಡೆಗೆ ಹೊಡೆದ ಶೆಲ್ಫ್ ವಾಸಿ. ನನ್ನ ಪ್ಲೇಯರ್ ಇರುವುದೂ ಅಂಥದ್ದರ ಮೇಲೇ. ಬೇಸ್, ಅಂದರೆ ತಗ್ಗಿನ ದನಿ, ಎಷ್ಟು ಸ್ಪಷ್ಟವಾಯಿತು ಅಂತೀರಿ!

ಉಳಿದ ಎರಡಕ್ಕೆ ಸುಮ್ನೆ ಜಾಸ್ತಿ ದುಡ್ಡು ಸುರಿಯಬೇಡಿ. ಆಂಪ್ಲಿಫೈಯರ್‌ಗೆ ಬೇಕಾದದ್ದು ಗಾಳಿ, ಅದರ ಮೇಲೆ 10 ಸೆಂಟಿಮೀಟರಾದರೂ ಖಾಲಿ ಜಾಗ ಬಿಡಿ. ಹಾಂ, ಸ್ಪೀಕರ್‌ಗಳನ್ನು ಮಾತ್ರ ಪ್ಲೇಯರ್ ಇರುವ ರ‍್ಯಾಕ್ ಮೇಲೆ ಇಡಲೇಬೇಡಿ. ಅವುಗಳ ನಡುಕ ನೇರ ಸೂಜಿಗೆ ಹೋಗುತ್ತದೆ.