ಸ್ಮೋಕಿ ಬೆಟ್ಟಗಳಿಗೆ ಆರ್‌ವಿ ಪ್ರವಾಸ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾವು ಅಟ್ಲಾಂಟಾದಲ್ಲಿ ನೆಲೆಸಿರುವ ಶಿವಮೊಗ್ಗದವರು. ಅಕ್ಟೋಬರ್ ನಡುವಿನಲ್ಲಿ ಊರಿನಿಂದ ಬರಲಿರುವ ಅಪ್ಪ ಅಮ್ಮನನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು, 30 ಅಡಿಯ ಆರ್‌ವಿಯೊಂದನ್ನು (ಮಲಗುವ, ಅಡುಗೆ, ಸ್ನಾನದ ಸೌಕರ್ಯವಿರುವ ಮನೆಯಂಥ ವಾಹನ) ಬಾಡಿಗೆಗೆ ಹಿಡಿದು, ಟೆನೆಸಿ ಮತ್ತು ಉತ್ತರ ಕೆರೊಲಿನಾ ರಾಜ್ಯಗಳ ಗಡಿಯಲ್ಲಿರುವ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಐದು ರಾತ್ರಿಗಳ ಪ್ರವಾಸ ಹೋಗಬೇಕೆಂದಿದ್ದೇವೆ. ಮೊದಲ ರಾತ್ರಿ ಚೆರೊಕೀ, ಆಮೇಲೆ ಕ್ರಮವಾಗಿ ಗ್ಯಾಟ್ಲಿನ್‌ಬರ್ಗ್, ಪಿಜನ್ ಫೋರ್ಜ್, ಕೇಡ್ಸ್ ಕೋವ್, ಕೊನೆಗೆ ಬ್ಲೂ ರಿಡ್ಜ್ ಪಾರ್ಕ್‌ವೇ ಎಂಬ ಬೆಟ್ಟದ ರಸ್ತೆ ಎಂದು ಯೋಜನೆ ಹಾಕಿದ್ದೇನೆ. ಇಷ್ಟು ದೊಡ್ಡ ವಾಹನ ಓಡಿಸಿ ನನಗೆ ಅಭ್ಯಾಸವಿಲ್ಲ. ಹಿರಿಯರಿಗೆ ಆಯಾಸವಾಗಬಾರದು. ಈ ಯೋಜನೆ ಸರಿಯೇ? ರಾಷ್ಟ್ರೀಯ ಉದ್ಯಾನದ ಒಳಗಿನ ಕ್ಯಾಂಪ್‌ಗ್ರೌಂಡ್ ಮೇಲೋ, ಹೊರಗಿನ ಖಾಸಗಿ ಆರ್‌ವಿ ಪಾರ್ಕ್ ಮೇಲೋ?

ಉತ್ತರ: ಹಿರಿಯರಿಗೆ ಆಯಾಸವಾಗಬಾರದು ಎಂಬುದು ನಿಜವಾದ ಆಸೆಯಾಗಿದ್ದರೆ ಐದು ರಾತ್ರಿಗೆ ಐದು ತಂಗುದಾಣವೆಂಬ ಯೋಜನೆಯನ್ನು ಮೊದಲು ಕೈಬಿಡಿ. ಆರ್‌ವಿಯನ್ನು ಒಂದು ಜಾಗದಿಂದ ಎಬ್ಬಿಸುವುದೆಂದರೆ ಕಾರಿನ ಕೀಲಿ ತಿರುಗಿಸಿದಷ್ಟು ಸುಲಭವಲ್ಲ. ವಿದ್ಯುತ್ ಕೇಬಲ್ ಬಿಚ್ಚಬೇಕು, ನೀರಿನ ಕೊಳವೆ ಸುತ್ತಿಡಬೇಕು, ಕೊಳಕು ನೀರಿನ ಟ್ಯಾಂಕುಗಳನ್ನು ಖಾಲಿ ಮಾಡಬೇಕು, ಒಲೆಯ ಮೇಲಿನ ಪಾತ್ರೆಯಿಂದ ಹಿಡಿದು ಅಪ್ಪನ ಕನ್ನಡಕದವರೆಗೆ ಪ್ರತಿಯೊಂದನ್ನೂ ಕಪಾಟಿಗೆ ಸೇರಿಸಿ ಬಾಗಿಲು ಭದ್ರಪಡಿಸಬೇಕು. ಹೊಸ ಜಾಗದಲ್ಲಿ ಹಿಮ್ಮುಖವಾಗಿ ನಿಲ್ಲಿಸಿ, ಚಕ್ರದ ಕೆಳಗೆ ಹಲಗೆ ಕೊಟ್ಟು ಸಮತಟ್ಟು ಮಾಡಿ, ಇದೇ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಬೇಕು. ಹಳೆಯ ಜಾಗವನ್ನು ಬೆಳಿಗ್ಗೆ ಬಿಡಬೇಕು, ಹೊಸ ಜಾಗ ಮಧ್ಯಾಹ್ನದ ಮೇಲೆ ಸಿಗುತ್ತದೆ; ನಡುವಿನ ಹೊತ್ತಿನಲ್ಲಿ 30 ಅಡಿಯ ವಾಹನಕ್ಕೆ ನಿಲ್ಲುವ ಜಾಗ ಹುಡುಕುತ್ತಾ ಸುತ್ತುವುದು ನಿಮ್ಮ ಪಾಲಿಗೆ, ಒಳಗೆ ಬೆಲ್ಟ್ ಹಾಕಿ ಕೂರುವುದು ಹಿರಿಯರ ಪಾಲಿಗೆ.

ನನ್ನ ಸಲಹೆ ಹೀಗಿದೆ. ಐದೂ ರಾತ್ರಿ ಉತ್ತರ ಕೆರೊಲಿನಾ ಭಾಗದ ಚೆರೊಕೀ ಬಳಿಯಲ್ಲೇ ಇರಿ, ಮತ್ತು ಆರ್‌ವಿಯ ಹಿಂದೆ ನಿಮ್ಮ ಮನೆಯ ಕಾರನ್ನು ಇನ್ನೊಬ್ಬರು ಓಡಿಸಿಕೊಂಡು ಬರಲಿ. ಆರ್‌ವಿ ಮನೆಯಾಗಿ ನಿಲ್ಲಲಿ, ತಿರುಗಾಟಕ್ಕೆ ಕಾರು ಇರಲಿ. ಅಟ್ಲಾಂಟಾದಿಂದ ಚೆರೊಕೀಗೆ ಸುಮಾರು 160 ಮೈಲಿ. ಐ-85, ಐ-985 ಹಿಡಿದು ನಂತರ ಯು.ಎಸ್. 441ರಲ್ಲಿ ಕ್ಲೇಟನ್, ಫ್ರಾಂಕ್ಲಿನ್, ಡಿಲ್ಸ್‌ಬೊರೊ ದಾಟಿದರೆ, ಹೊಸಬರೂ ಓಡಿಸಬಹುದಾದ ಅಗಲ ರಸ್ತೆಯಲ್ಲೇ ಊರು ಸೇರಬಹುದು. ಬೆಟ್ಟದ ಬೆನ್ನನ್ನು ಆರ್‌ವಿಯಲ್ಲಿ ದಾಟುವ ಪ್ರಮೇಯವೇ ಬರುವುದಿಲ್ಲ. ಕತ್ತಲಾಗುವ ಮೊದಲು, ಸಾಧ್ಯವಾದರೆ ಮಧ್ಯಾಹ್ನ ಮೂರು ನಾಲ್ಕು ಗಂಟೆಯೊಳಗೆ ತಲುಪುವಂತೆ ಹೊರಡಿ. ಮೊದಲ ಸಲ ಹಿಮ್ಮುಖವಾಗಿ ನಿಲ್ಲಿಸುವ ಕೆಲಸವನ್ನು ಹಗಲಲ್ಲಿ ಮಾಡುವುದಕ್ಕೂ ಟಾರ್ಚ್ ಬೆಳಕಿನಲ್ಲಿ ಮಾಡುವುದಕ್ಕೂ ಬಹಳ ವ್ಯತ್ಯಾಸವಿದೆ.

ಒಳಗೋ ಹೊರಗೋ ಎಂಬ ಪ್ರಶ್ನೆಗೆ ಬರೋಣ. ಉದ್ಯಾನದ ಒಳಗಿರುವ ಸ್ಮೋಕ್‌ಮಾಂಟ್, ಎಲ್ಕ್‌ಮಾಂಟ್, ಕೇಡ್ಸ್ ಕೋವ್ ಕ್ಯಾಂಪ್‌ಗ್ರೌಂಡುಗಳು ಹೊಳೆಯ ಸದ್ದು, ದಟ್ಟ ಮರಗಳ ನಡುವೆ ನಿಜಕ್ಕೂ ಸೊಗಸಾಗಿವೆ. ಆದರೆ ಅಲ್ಲಿ ಆರ್‌ವಿಗೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕಗಳಾವುವೂ ಇಲ್ಲ, ಸ್ನಾನಗೃಹವೂ ಇಲ್ಲ. ಅಕ್ಟೋಬರ್ ರಾತ್ರಿಗಳಲ್ಲಿ ಅಲ್ಲಿ ಚಳಿ ಚೆನ್ನಾಗಿಯೇ ಇರುತ್ತದೆ. ಆರ್‌ವಿಯ ಹೀಟರ್ ಪ್ರೊಪೇನ್‌ನಿಂದ ಉರಿಯುವುದು ನಿಜವಾದರೂ ಬಿಸಿಗಾಳಿಯನ್ನು ತಳ್ಳುವ ಫ್ಯಾನ್ ಓಡುವುದು ಬ್ಯಾಟರಿಯಿಂದ. ರಾತ್ರಿಯೆಲ್ಲ ಓಡಿದರೆ ಬೆಳಗಿನ ಜಾವಕ್ಕೆ ಬ್ಯಾಟರಿ ಸೋತು, ಗ್ಯಾಸ್ ತುಂಬಿದ್ದರೂ ಹೀಟರ್ ಆರಿಹೋಗಬಹುದು; ಆ ಹೊತ್ತಿನಲ್ಲಿ ಜನರೇಟರ್ ಹಚ್ಚುವುದಕ್ಕೆ ಅನುಮತಿಯಿಲ್ಲ. ನಿದ್ರೆಯಲ್ಲಿ ಉಸಿರಾಟಕ್ಕೆ ಯಂತ್ರ ಬಳಸುವವರು ಮನೆಯಲ್ಲಿದ್ದರಂತೂ ಇದು ಸಣ್ಣ ವಿಷಯವಲ್ಲ. ಆದ್ದರಿಂದ ಹಿರಿಯರೊಂದಿಗೆ ಹೋಗುವವರು ಚೆರೊಕೀ ಸುತ್ತಿನ ಖಾಸಗಿ ಆರ್‌ವಿ ಪಾರ್ಕ್‌ಗಳಲ್ಲಿ ಮೂರೂ ಸಂಪರ್ಕಗಳಿರುವ, ಬಿಸಿನೀರಿನ ಸ್ನಾನಗೃಹವಿರುವ ಜಾಗವನ್ನೇ ಹಿಡಿಯುವುದು ಒಳ್ಳೆಯದು. ಹುಡುಗರಷ್ಟೇ ಹೋಗುವುದಾಗಿದ್ದರೆ ಕಣ್ಣುಮುಚ್ಚಿ ಸ್ಮೋಕ್‌ಮಾಂಟ್ ಎನ್ನುತ್ತಿದ್ದೆ. ಅಲ್ಲಿಯೇ ಇರಬೇಕೆಂದು ಮನಸ್ಸಾದರೆ, ಆರು ತಿಂಗಳು ಮೊದಲೇ ಕಾಯ್ದಿರಿಸುವ ಅವಕಾಶ ತೆರೆಯುತ್ತದೆ ಎಂಬುದು ನೆನಪಿರಲಿ. ಎಲೆಗಳು ಬಣ್ಣ ತಿರುಗುವ ಅಕ್ಟೋಬರ್‌ಗೆ ಏಪ್ರಿಲ್‌ನಲ್ಲೇ ಪೈಪೋಟಿ.

ಚೆರೊಕೀ ಕಡೆ ಇದ್ದರೆ ನೋಡುವುದಕ್ಕೇನಿದೆ ಎಂದು ಮಕ್ಕಳು ಕೇಳಬಹುದು. ಪಿಜನ್ ಫೋರ್ಜ್‌ನ ದೀಪಾಲಂಕಾರ, ಆಟದ ಪಾರ್ಕುಗಳು ಇತ್ತ ಇಲ್ಲ. ಅದೇ ಈ ಕಡೆಯ ಗುಣ. ಈಸ್ಟರ್ನ್ ಬ್ಯಾಂಡ್ ಚೆರೊಕೀ ಎಂಬ ಅಮೆರಿಕದ ಮೂಲನಿವಾಸಿ ಜನರ ನೆಲವಾದ ಈ ಊರಿನ ಅಂಚಿನಲ್ಲೇ ಉದ್ಯಾನದ ಒಕೊನಲಫ್ಟೀ ಸಂದರ್ಶಕರ ಕೇಂದ್ರವಿದೆ. ಅದರ ಪಕ್ಕದ ಹುಲ್ಲುಬಯಲಿಗೆ ಬೆಳಿಗ್ಗೆ ಮತ್ತು ಸಂಜೆಯ ತಂಪಿನಲ್ಲಿ ಎಲ್ಕ್ ಎಂಬ ದೊಡ್ಡ ಕಡವೆಗಳ ಹಿಂಡು ಇಳಿಯುತ್ತದೆ. ಈ ಬೆಟ್ಟಗಳಿಂದ ಪೂರ್ತಿ ಅಳಿದುಹೋಗಿದ್ದ ಪ್ರಾಣಿಯನ್ನು 2001ರಲ್ಲಿ ಮರಳಿ ತಂದು ಬಿಟ್ಟ ಫಲ ಇದು. 150 ಅಡಿಗಿಂತ ಹತ್ತಿರ ಹೋಗುವುದು ಅಪರಾಧ. ಕಾರಿನ ಪಕ್ಕದಲ್ಲೇ ಕುರ್ಚಿ ಹಾಕಿ ಕೂತು ನೋಡಿದರೂ ಸಾಕು. ಕೇಂದ್ರದಿಂದ ಹೊಳೆಯ ದಂಡೆಯಲ್ಲಿ ಚೆರೊಕೀ ಕಡೆಗೆ ಒಂದೂವರೆ ಮೈಲಿಯ ಕಾಲುದಾರಿಯಿದೆ. ಏರಿಳಿತ ಬಹಳ ಕಡಿಮೆ, ಬೇಡವೆನಿಸಿದಲ್ಲಿಂದ ಹಿಂದಿರುಗಬಹುದು. ಅಲ್ಲೇ ಅರ್ಧ ಮೈಲಿ ಮುಂದೆ 1886ರ ಮಿಂಗಸ್ ಮಿಲ್ ಇದೆ. ನೀರಿನಿಂದ ಓಡುವ ಹಿಟ್ಟಿನ ಗಿರಣಿಯೆಂದರೆ ಗೋಡೆಗೆ ಒರಗಿದ ದೊಡ್ಡ ಚಕ್ರ ಕಾಣಬೇಕೆಂದು ನಾವು ನಿರೀಕ್ಷಿಸುತ್ತೇವೆ; ಇಲ್ಲಿ ಚಕ್ರವಿಲ್ಲ. ಮರದ ಕಾಲುವೆಯಲ್ಲಿ ಹರಿದು ಬರುವ ನೀರು ಕೆಳಗಿನ ಟರ್ಬೈನ್ ತಿರುಗಿಸಿ ಬೀಸುವ ಕಲ್ಲಿಗೆ ಶಕ್ತಿ ಕೊಡುವಂತೆ ಇದನ್ನು ಕಟ್ಟಿದ್ದಾರೆ. ಮಲೆನಾಡಿನವರಾದ ನಿಮ್ಮ ತಂದೆಯವರು ಆ ಮರದ ಕಾಲುವೆಯ ಬಳಿಯೇ ಅರ್ಧ ಗಂಟೆ ನಿಂತರೆ ಆಶ್ಚರ್ಯವಿಲ್ಲ.

ಒಂದು ದಿನ ಕಾರಿನಲ್ಲಿ ನ್ಯೂಫೌಂಡ್ ಗ್ಯಾಪ್‌ಗೆ ಹೋಗಿ. 5,046 ಅಡಿ ಎತ್ತರದ ಈ ಕಣಿವೆ ದಾರಿಯಲ್ಲೇ 1940ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಉದ್ಯಾನವನ್ನು ವಿಧ್ಯುಕ್ತವಾಗಿ ಸಮರ್ಪಿಸಿದರು. ಕಾರಿಳಿದು ನಾಲ್ಕು ಹೆಜ್ಜೆ ಇಟ್ಟರೆ ಎರಡು ರಾಜ್ಯಗಳ ಬೆಟ್ಟಸಾಲು ಕಾಣುತ್ತದೆ. ಮಂಡಿಗೆ ಇದಕ್ಕಿಂತ ಸುಖದ ಜಾಗವಿಲ್ಲ. ಅಲ್ಲಿಂದ ಕವಲೊಡೆಯುವ ರಸ್ತೆ ಕುವೋಹಿಗೆ ಹೋಗುತ್ತದೆ. ಕ್ಲಿಂಗ್‌ಮನ್ಸ್ ಡೋಮ್ ಎಂದು ಹಳೆಯ ಕೈಪಿಡಿಗಳಲ್ಲಿರುವ 6,643 ಅಡಿಯ ಶಿಖರಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಅದರ ಚೆರೊಕೀ ಹೆಸರನ್ನು ಮರಳಿ ಕೊಡಲಾಗಿದೆ. ನೆತ್ತಿಯ ಗೋಪುರಕ್ಕೆ ಡಾಂಬರು ಹಾದಿ ಅರ್ಧ ಮೈಲಿ ಮಾತ್ರವೆಂದು ಓದಿ ಹಿರಿಯರನ್ನು ಹೊರಡಿಸಬೇಡಿ. ಆ ಅರ್ಧ ಮೈಲಿ ಪೂರ್ತಿ ಕಡಿದಾದ ಏರು. ಅವರು ಕೆಳಗಿನ ವಾಹನ ನಿಲ್ದಾಣದ ಅಂಚಿನಿಂದಲೇ ನೋಡಲಿ, ಮಕ್ಕಳನ್ನು ಒಬ್ಬರು ಮೇಲೆ ಕರೆದೊಯ್ಯಿರಿ. ತಪ್ಪಲಿಗಿಂತ ಅಲ್ಲಿ 10ರಿಂದ 20 ಡಿಗ್ರಿ ಫ್ಯಾರನ್‌ಹೀಟ್ ಕಡಿಮೆಯಿರುವುದರಿಂದ ಸ್ವೆಟರ್, ಮಫ್ಲರ್ ಕಾರಿನಲ್ಲೇ ಇರಲಿ.

ಬ್ಲೂ ರಿಡ್ಜ್ ಪಾರ್ಕ್‌ವೇಯನ್ನು ಪೂರ್ತಿ ಬಿಡಬೇಕಿಲ್ಲ. ಅದರ ದಕ್ಷಿಣದ ತುದಿ ಚೆರೊಕೀಯಲ್ಲೇ ಇದೆ. ಒಂದು ಸಂಜೆ ಕಾರಿನಲ್ಲಿ ಸುಮಾರು 18 ಮೈಲಿ ಹತ್ತಿ ವಾಟರ್‌ರಾಕ್ ನಾಬ್‌ನಲ್ಲಿ ಸೂರ್ಯಾಸ್ತ ನೋಡಿ ಹಿಂದಿರುಗಿ. ದಾರಿಯಲ್ಲಿ ಸುರಂಗಗಳಿವೆ, ಎತ್ತರದ ವಾಹನದವರು ಒಂದೊಂದರ ಅಳತೆಯನ್ನೂ ನೋಡಿಕೊಳ್ಳಬೇಕಾದ ಕಾಟ ಕಾರಿನವರಿಗಿಲ್ಲ. 2024ರ ಹೆಲೀನ್ ಚಂಡಮಾರುತದಿಂದ ಈ ರಸ್ತೆಗೆ ಹಲವೆಡೆ ಹಾನಿಯಾದ್ದರಿಂದ ಹೊರಡುವ ದಿನ ಯಾವ ಭಾಗ ತೆರೆದಿದೆ ಎಂದು ನೋಡಿಕೊಳ್ಳಿ.

ಕೇಡ್ಸ್ ಕೋವ್ ವಿಷಯದಲ್ಲಿ ನಿಷ್ಠುರವಾಗಿ ಹೇಳಬೇಕಾಗಿದೆ: ಈ ಸಲ ಬಿಟ್ಟುಬಿಡಿ. ಚೆರೊಕೀಯಿಂದ ಕಾರಿನಲ್ಲೂ ಅದು ಸುಮಾರು ಎರಡು ಗಂಟೆಯ ಹಾದಿ. ತಲುಪಿದ ಮೇಲೆ 11 ಮೈಲಿಯ ಏಕಮುಖ ರಸ್ತೆಯಲ್ಲಿ, ಯಾರೋ ಕರಡಿ ಕಂಡಿತೆಂದು ಕಾರು ನಿಲ್ಲಿಸಿದರೆ, ಹಿಂದಿನವರೆಲ್ಲ ನಿಲ್ಲಬೇಕು. ಅಕ್ಟೋಬರ್‌ನಲ್ಲಿ ಆ ಸುತ್ತಿಗೆ ಅರ್ಧ ದಿನವೇ ಹಿಡಿದೀತು. ಐದು ದಿನಗಳಲ್ಲಿ ಒಂದು ದಿನವನ್ನು ಯಾವ ಯೋಜನೆಯೂ ಇಲ್ಲದೆ ಬಿಡಬೇಕೆಂದಿದ್ದರೆ, ಇಲ್ಲಿ ಉಳಿಯುವ ದಿನವೇ ಅದು.

ಪ್ರಶ್ನೆ: ನಾನು ಮೈಸೂರಿನ ನಿವೃತ್ತ ಶಿಕ್ಷಕಿ. ಅಮೆರಿಕದಲ್ಲಿರುವ ಮಗ ಸೊಸೆ ನಮ್ಮನ್ನು ಇದೇ ಬೆಟ್ಟಗಳಿಗೆ ಆರ್‌ವಿಯಲ್ಲಿ ಕರೆದೊಯ್ಯುವರಂತೆ. ಅದರಲ್ಲೇ ಅಡುಗೆ, ಅದರಲ್ಲೇ ಸ್ನಾನ, ಶೌಚ ಎಂದು ಕೇಳಿ ಗಾಬರಿಯಾಗಿದೆ. ಮಂಡಿ ನೋವೂ ಇದೆ. ಬೇಡವೆಂದರೆ ಮಗನಿಗೆ ಬೇಸರವಾಗುತ್ತದೆ. ಏನು ಮಾಡಲಿ?

ಉತ್ತರ: ಅಮ್ಮ, ಹೋಗಿ ಬನ್ನಿ, ಆದರೆ ಕೆಲವು ಮಾತುಗಳನ್ನು ಮೊದಲೇ ಮಗನೊಂದಿಗೆ ಆಡಿಕೊಳ್ಳಿ. ಚಾಲಕನ ತಲೆಯ ಮೇಲಿರುವ, ಏಣಿ ಹತ್ತಿ ಮಲಗಬೇಕಾದ ಹಾಸಿಗೆ ಮಕ್ಕಳಿಗಿರಲಿ, ಹಿಂಭಾಗದ ಮಂಚ ನಿಮಗಿರಲಿ. ಆರ್‌ವಿಯ ಮೆಟ್ಟಿಲು ಎತ್ತರವಾಗಿಯೂ ಕಿರಿದಾಗಿಯೂ ಇರುವುದರಿಂದ ಕೆಳಗಿಡಲು ಗಟ್ಟಿಯಾದ ಮಣೆಯೊಂದನ್ನು ತರಿಸಿಕೊಳ್ಳಿ. ಗಾಡಿ ಓಡುವಾಗ ಯಾರೂ ಎದ್ದು ಓಡಾಡಬಾರದು, ಕಾಫಿ ಕಾಯಿಸುವುದಂತೂ ಕೂಡದು.

ಶೌಚಾಲಯ ನೀವು ಅಂದುಕೊಂಡಷ್ಟು ಅಸಹ್ಯವಲ್ಲ. ಕಾಲಿನಿಂದ ಒತ್ತುವ ಪೆಡಲ್ ಇರುತ್ತದೆ. ಒತ್ತಿದಾಗ ತೆರೆದು, ಬಿಟ್ಟಾಗ ಮುಚ್ಚಿ, ಮೇಲೆ ಸ್ವಲ್ಪ ನೀರು ನಿಂತು ವಾಸನೆ ತಡೆಯುತ್ತದೆ. ಚೊಂಬು ಬಳಸುವುದಕ್ಕೆ ಅಡ್ಡಿಯಿಲ್ಲ, ನೀರು ಹೆಚ್ಚಿದ್ದಷ್ಟೂ ಕೊಳವೆ ಕಟ್ಟಿಕೊಳ್ಳದು. ಟ್ಯಾಂಕ್ ಬೇಗ ತುಂಬುತ್ತದೆ ಅಷ್ಟೆ. ಅದನ್ನು ಖಾಲಿ ಮಾಡುವುದು ಮಗನ ಕೆಲಸ. ಮೊದಲು ಶೌಚದ ಟ್ಯಾಂಕ್, ಆಮೇಲೆ ಸ್ನಾನದ ನೀರಿನ ಟ್ಯಾಂಕ್ ಬಿಟ್ಟರೆ ಎರಡನೆಯದರ ಸೋಪಿನ ನೀರೇ ಕೊಳವೆಯನ್ನು ತೊಳೆದುಬಿಡುತ್ತದೆ. ಸ್ನಾನದ ಬಿಸಿನೀರು ಮಾತ್ರ ಲೆಕ್ಕದ್ದು. ಅನೇಕ ಆರ್‌ವಿಗಳ ಬಾಯ್ಲರ್ ಆರು ಗ್ಯಾಲನ್, ಅಂದರೆ ಸುಮಾರು 23 ಲೀಟರಿನದು. ಒಂದೂವರೆ ಬಕೆಟ್ ಎಂದಿಟ್ಟುಕೊಳ್ಳಿ. ಒಬ್ಬರಾದ ಮೇಲೆ ಇನ್ನೊಬ್ಬರು ಸ್ವಲ್ಪ ಬಿಡುವು ಕೊಟ್ಟು ಹೋಗಬೇಕು, ಇಲ್ಲವೇ ಪಾರ್ಕಿನ ಸ್ನಾನಗೃಹ ಬಳಸಬೇಕು.

ಅಡುಗೆಯ ವಿಷಯಕ್ಕೆ ಬಂದರೆ, ಅನ್ನ ಸಾರು ಮಾಡಲು ಗ್ಯಾಸ್ ಒಲೆ ಸಾಕು. ಆದರೆ ಒಲೆಗೂ ಹೊಗೆ ಪತ್ತೆಯಂತ್ರಕ್ಕೂ ನಾಲ್ಕಾರು ಅಡಿ ಅಂತರವಷ್ಟೇ. ಒಣಮೆಣಸಿನಕಾಯಿ ಒಗ್ಗರಣೆಗೆ ಬಿದ್ದ ಗಳಿಗೆಯಲ್ಲೇ ಅದು ಕಿರುಚಲು ಶುರುಮಾಡುತ್ತದೆ. ಚಾವಣಿಯ ಫ್ಯಾನ್ ಹಾಕಿ, ಸಾಸಿವೆ ಸಿಡಿಯುವಾಗ ತಟ್ಟೆ ಮುಚ್ಚಿ, ಇಲ್ಲವೇ ಮನೆಯಲ್ಲೇ ಒಗ್ಗರಣೆ ಹಾಕಿ ಸೀಸೆಯಲ್ಲಿ ಒಯ್ಯಿರಿ. ಊರಿನ ಮಿಕ್ಸಿ ಅಲ್ಲಿನ 120 ವೋಲ್ಟ್‌ಗೆ ನಡೆಯದು. 30 ಆಂಪಿಯರ್ ಸಂಪರ್ಕವೆಂದರೆ ಎಲ್ಲ ಸೇರಿ 3,600 ವಾಟ್. ವಿದ್ಯುತ್ ಹೀಟರ್, ಮೈಕ್ರೋವೇವ್, ರೈಸ್ ಕುಕ್ಕರ್ ಒಟ್ಟಿಗೆ ಹಾಕಿದರೆ ಕತ್ತಲಾಗುತ್ತದೆ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿಹಿಟ್ಟು ಜೊತೆಗಿದ್ದರೆ ಒಲೆ ಹಚ್ಚದೆಯೂ ಒಂದು ಹೊತ್ತು ಕಳೆಯಬಹುದು.

ಇನ್ನೊಂದು ಮಾತು. ಊಟಕ್ಕೆ ಮೊದಲು ಕಾಗೆಗೆಂದು ಹೊರಗೆ ತುತ್ತು ಇಡುವ ರೂಢಿ ನಿಮ್ಮದಾಗಿದ್ದರೆ ಅಲ್ಲಿ ಬೇಡ. ಉದ್ಯಾನದಲ್ಲಿ ಸುಮಾರು 1,900 ಕರಡಿಗಳಿವೆ; ಅವುಗಳ ಮೂಗು ನಮ್ಮ ಊಹೆಗೆ ಮೀರಿದ್ದು. ಮನುಷ್ಯರ ಊಟದ ರುಚಿ ಹತ್ತಿದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗಿಯೂ ಬರಬಹುದು. ಹೊರಗಿನ ಮೇಜಿನ ಮೇಲೆ ಎಂಜಲು ತಟ್ಟೆಯನ್ನು ಕೂಡ ಬಿಡಬೇಡಿ.

ಪ್ರಶ್ನೆ: ಷಾರ್ಲಟ್‌ನಿಂದ ನಾವು ನಾಲ್ವರು ಸ್ನೇಹಿತರು ಇದೇ ಬೆಟ್ಟಗಳಿಗೆ ಆರ್‌ವಿಯಲ್ಲಿ ಹೋಗುತ್ತಿದ್ದೇವೆ. ಐ-40 ಹೆದ್ದಾರಿ ಹಾಳಾಗಿದೆಯೆಂದು ಕೇಳಿದೆವು. ದಾರಿ ಯಾವುದು? ಪ್ರವೇಶ ಶುಲ್ಕವೆಷ್ಟು?

ಉತ್ತರ: ಹಾನಿಯಾಗಿರುವುದು ಟೆನೆಸಿ ಗಡಿಯ ಬಳಿಯ ಪಿಜನ್ ನದಿಯ ಕಣಿವೆಯಲ್ಲಿ. ಹೆಲೀನ್ ನಂತರ ಮುಚ್ಚಿದ್ದ ಆ ಭಾಗವನ್ನು 2025ರ ಮಾರ್ಚ್‌ನಲ್ಲಿ ಎರಡೂ ಕಡೆಗೆ ಒಂದೊಂದೇ ಸಾಲಿನಲ್ಲಿ ತೆರೆಯಲಾಯಿತು. ಚೆರೊಕೀಗೆ ಹೋಗುವವರು ಕಣಿವೆಯವರೆಗೆ ಹೋಗಬೇಕಾಗಿಯೇ ಇಲ್ಲ; ಆಶ್‌ವಿಲ್ ದಾಟಿ 27ನೆಯ ನಿರ್ಗಮನದಲ್ಲಿ ಯು.ಎಸ್. 74 ಹಿಡಿದು, ವೇಯ್ನ್ಸ್‌ವಿಲ್ ಮೂಲಕ ಸಾಗಿ, ಯು.ಎಸ್. 441ಕ್ಕೆ ತಿರುಗಬೇಕು. ಮ್ಯಾಗಿ ವ್ಯಾಲಿಯ ಮೇಲಿನ ಯು.ಎಸ್. 19 ಹತ್ತಿರದ ದಾರಿಯೆಂದು ಫೋನ್ ತೋರಿಸಿದರೂ ಕೇಳಬೇಡಿ. ಸೋಕೋ ಗ್ಯಾಪ್‌ನ ಏರಿಳಿತ, ತಿರುವುಗಳು ಆರ್‌ವಿಗೆ ಹೇಳಿದ್ದಲ್ಲ. ಇಳಿಜಾರು ಎದುರಾದಲ್ಲೆಲ್ಲ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯದೆ ಮೊದಲೇ ಕೆಳಗಿನ ಗೇರ್‌ಗೆ ಬನ್ನಿ. ಉದ್ಯಾನದೊಳಗೆ ಪೆಟ್ರೋಲ್ ಬಂಕ್ ಇಲ್ಲ. ಗ್ಯಾಲನ್ನಿಗೆ ಎಂಟು ಹತ್ತು ಮೈಲಿಯಷ್ಟೇ ಕೊಡುವ ಗಾಡಿಯಾದ್ದರಿಂದ ಚೆರೊಕೀಯಲ್ಲೇ ತುಂಬಿಸಿ.

ಪ್ರವೇಶ ಶುಲ್ಕವಿಲ್ಲ. ಟೆನೆಸಿ ರಾಜ್ಯವು ತನ್ನ ರಸ್ತೆಗಳನ್ನು ಕೇಂದ್ರಕ್ಕೆ ಒಪ್ಪಿಸುವಾಗ ಸುಂಕ ಹಾಕಬಾರದೆಂದು ಷರತ್ತು ವಿಧಿಸಿತ್ತು. ಆದರೆ 2023ರ ಮಾರ್ಚ್‌ನಿಂದ, 15 ನಿಮಿಷಕ್ಕಿಂತ ಹೆಚ್ಚು ಹೊತ್ತು ನಿಲ್ಲುವ ವಾಹನಕ್ಕೆ ಪಾರ್ಕಿಂಗ್ ಚೀಟಿ ಕಡ್ಡಾಯವಾಗಿದೆ: ದಿನಕ್ಕೆ 5 ಡಾಲರ್, ವಾರಕ್ಕೆ 15, ವರ್ಷಕ್ಕೆ 40. ಚೀಟಿ ಒಂದೊಂದು ವಾಹನಕ್ಕೂ ಬೇರೆ. ಆರ್‌ವಿ ಖಾಸಗಿ ಪಾರ್ಕಿನಲ್ಲೇ ನಿಂತಿದ್ದರೆ ನೀವು ಸುತ್ತಾಡುವ ಕಾರಿಗಷ್ಟೇ ಕೊಂಡರೆ ಸಾಕು.