ಆರನೇ ಪುಟದ ಹುರುಳಿ

ನಮಸ್ಕಾರ,

ಮೈಸೂರು ಮಹಾರಾಜರ ಕುದುರೆ ಪಡೆಯಲ್ಲಿದ್ದ ನಿಮ್ಮ ಮುತ್ತಾತನ ನೆನಪಿನ ಕಲ್ಲಿನ ಬಗ್ಗೆ ಕಳಿಸಿದ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬೇಜಾರು ಮಾಡಿಕೊಳ್ಳದೆ ಪೂರ್ತಿ ಓದಿ.

ಎಂಟು ಪುಟದಲ್ಲಿ ಐದು ಪುಟ ಈಗಿನ ಇಸ್ರೇಲಿನಲ್ಲಿರುವ ಹೈಫಾದ ಯುದ್ಧವೇ ಆಯಿತು. 1918ರ ಸೆಪ್ಟೆಂಬರ್ 23, ಕಾರ್ಮೆಲ್ ಗುಡ್ಡ, ಮೆಷಿನ್ ಗನ್ನಿಗೆ ಎದುರಾಗಿ ಈಟಿ ಹಿಡಿದ ಸವಾರರು. ಇದೆಲ್ಲ ಫೋನಿನಲ್ಲಿ ಎರಡು ನಿಮಿಷಕ್ಕೆ ಸಿಗುತ್ತದೆ. ಅದರಲ್ಲೂ ಒಂದು ತಪ್ಪು. ದೆಹಲಿಯ ತೀನ್ ಮೂರ್ತಿಯಲ್ಲಿ ಮೂರು ಪ್ರತಿಮೆ ಇವೆ ಅಂತ ಮೂರೂ ಸಂಸ್ಥಾನದವರು ಒಟ್ಟಿಗೆ ನುಗ್ಗಿದರು ಎಂದಿದ್ದೀರಿ. ಆ ದಿನ ನುಗ್ಗಿದ್ದು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್, ಅಂದರೆ ಈಟಿ ಹಿಡಿದ ಕುದುರೆ ಪಡೆಯವರು. ಹೈದರಾಬಾದಿನವರು ಅದೇ ಬ್ರಿಗೇಡಿನವರು, ಆದರೆ ಆ ದಾಳಿಯಲ್ಲಿ ಇರಲಿಲ್ಲ.

ಆಮೇಲೆ, ನಿಮ್ಮ ಮುತ್ತಾತನ ಕಲ್ಲನ್ನು ವೀರಗಲ್ಲು ಅನ್ನಬೇಡಿ. ವೀರಗಲ್ಲು ಹೋರಾಡಿ ಸತ್ತವರಿಗೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಕೂತ ವೀರ. ನಮ್ಮ ಹೊಸೂರು, ಕೃಷ್ಣಗಿರಿ ಕಡೆ ಹೊಲದ ಬದುವಿನಲ್ಲೇ ಸಿಗುತ್ತವೆ, ಒಂದನ್ನು ನೋಡಿ ಬನ್ನಿ. ನಿಮ್ಮ ಮುತ್ತಾತ ಯುದ್ಧದಿಂದ ವಾಪಸ್ ಬಂದು, ನಲವತ್ತು ವರ್ಷ ರಾಗಿ ಬೆಳೆದು, ಜಗಲಿ ಮೇಲೆ ಮಲಗಿದ್ದಾಗ ತೀರಿಕೊಂಡವರು. ಅದು ಸಮಾಧಿ ಕಲ್ಲು. ಹಾಗಂದರೆ ಅವರಿಗೇನೂ ಕಮ್ಮಿ ಆಗುವುದಿಲ್ಲ. ಕಲ್ಲಿನಲ್ಲಿ ಕೆತ್ತಿದ ಕುದುರೆ ಒಂದು ಕಾಲು ಎತ್ತಿದ್ದರೆ ಸವಾರನಿಗೆ ಗಾಯ ಆಗಿತ್ತು ಅಂತ ಅರ್ಥ ಎಂಬುದೂ ಸುಮ್ನೆ ಬಾಯಿಂದ ಬಾಯಿಗೆ ಬಂದ ಮಾತು. ಅಂಥ ನಿಯಮ ಇಲ್ಲ.

ಈಗ ಆರನೇ ಪುಟಕ್ಕೆ ಬನ್ನಿ. ಅಲ್ಲಿ ಹೀಗೆ ಬರೆದಿದ್ದೀರಿ: 'ಕಲ್ಲಿನ ಕುದುರೆಗೆ ಒಂದು ಕಿವಿ ಇಲ್ಲ. ಅಜ್ಜಿ ಅಮಾವಾಸ್ಯೆಗೊಮ್ಮೆ ಅದರ ಬಾಯಿ ಹತ್ತಿರ ನೆನೆಸಿದ ಹುರುಳಿ ಒಂದು ಹಿಡಿ ಇಡುತ್ತಾರೆ. ಮುತ್ತಾತನಿಗೆ ಮುದ್ದೆ, ಕುದುರೆಗೆ ಹುರುಳಿ.'

ನಾನು ಇಲ್ಲಿ ಕನ್ನಡಕ ತೆಗೆದು ಪಕ್ಕಕ್ಕಿಟ್ಟೆ. ನೀವೋ, ಮುಂದಿನ ಸಾಲಲ್ಲೇ 'ಇಂಥ ಮಹಾನ್ ಚೇತನಕ್ಕೆ ಕೋಟಿ ನಮನ' ಅಂತ ಓಡಿಬಿಟ್ಟಿದ್ದೀರಿ. ಯಾಕಷ್ಟು ಅವಸರ? ಹುರುಳಿ ಇಡೋದನ್ನು ಅಜ್ಜಿಗೆ ಹೇಳಿಕೊಟ್ಟವರು ಯಾರು? ಸವಾರ ವಾಪಸ್ ಬಂದರು, ಕುದುರೆ ಬಂತಾ? ಅದಕ್ಕೆ ಹೆಸರಿತ್ತಾ? ಅಜ್ಜಿಗೆ ಎಂಬತ್ತಾರು ಅಂತ ನೀವೇ ಬರೆದಿದ್ದೀರಿ. ಹೈಫಾ ಎಲ್ಲಿಗೂ ಹೋಗೋದಿಲ್ಲ, ಮೊದಲು ಅಜ್ಜಿ ಹತ್ತಿರ ಹೋಗಿ ಕೂತುಕೊಳ್ಳಿ.

ಇನ್ನೊಂದು ಪ್ರಶ್ನೆ. ಆಗ ಹೊಸೂರು ಸೇಲಂ ಜಿಲ್ಲೆಗೆ, ಅಂದರೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಹೊಸೂರು ಕಡೆಯ ತಳಿ ಊರಿನ ಪಕ್ಕದ ಹುಡುಗ, ಅಂದರೆ ನಿಮ್ಮ ಮುತ್ತಾತ, ಮೈಸೂರು ಮಹಾರಾಜರ ಪಡೆ ಸೇರಿದ್ದು ಹೇಗೆ? ಕುದುರೆ ಪಳಗಿಸೋದು ಎಲ್ಲಿ ಕಲಿತರು? ನಮ್ಮ ಮತ್ತಿಗಿರಿ ಫಾರಂ 1824ರಲ್ಲಿ ಶುರುವಾದದ್ದೇ ಸೈನ್ಯಕ್ಕೆ ಕುದುರೆ ಸಾಕಲು. ಮನೆಯಲ್ಲಿ ಯಾರಾದರೂ ಅಲ್ಲಿ ಕೆಲಸಕ್ಕಿದ್ದರಾ, ವಿಚಾರಿಸಿ. ಇಲ್ಲ ಅಂದರೆ ಇಲ್ಲ ಅಂತಲೇ ಬರೆಯಿರಿ, ಸಂಬಂಧ ಹುಟ್ಟಿಸಬೇಡಿ.

ಕಲ್ಲಿನ ಮೇಲೆ ಮೂರು ಸಾಲು ಇದೆ ಎಂದಿರಿ, ಏನಿದೆ ಅಂತ ಹೇಳಲೇ ಇಲ್ಲ. ಕನ್ನಡವೋ, ತೆಲುಗೋ, ತಮಿಳೋ? ನಮ್ಮ ಗಡಿಯಲ್ಲಿ ಅದು ಸಣ್ಣ ವಿಷಯ ಅಲ್ಲ ಅಲ್ವಾ? ಅಕ್ಷರ ಸವೆದಿದ್ದರೆ ಸುಣ್ಣ ಬಳಿಯಬೇಡಿ, ತಂತಿ ಬ್ರಷ್ಷಲ್ಲಿ ಉಜ್ಜಲೂ ಬೇಡಿ. ಬರೀ ನೀರಲ್ಲಿ ಒರೆಸಿ, ಸಂಜೆ ಐದರ ಓರೆ ಬಿಸಿಲಿಗೆ ಕಾಯಿರಿ. ಗೀರುಗಳಲ್ಲಿ ನೆರಳು ಕೂರುತ್ತದೆ, ಆಗ ಓದಲು ಬರುತ್ತದೆ. ಫೋಟೊ ಆಗಲೇ ತೆಗೆಯಿರಿ, ಹೂವಿನ ಹಾರ ಪಕ್ಕಕ್ಕಿಟ್ಟು. ಹುರುಳಿ ಅಲ್ಲೇ ಇರಲಿ.